ರಸ್ತೆಯಲ್ಲಿ ಸತ್ತ ನಾಯಿ ಮತ್ತು ಪ್ರಮಾದದ ಲೆಕ್ಕ

2022ರ ಅಕ್ಟೋಬರ್ ತಿಂಗಳಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಒಂದು ಸಾಕುನಾಯಿಯ ಸಾವಿನ ಮೊಕದ್ದಮೆಯನ್ನು ರದ್ದುಪಡಿಸಿತು. ಬೆಂಗಳೂರಿನಲ್ಲಿ 2018ರಲ್ಲಿ ನಡೆದ ಘಟನೆಯದು. ಮನೆಯವರು ನಾಯಿಗಳನ್ನು ವಿಹಾರಕ್ಕೆ ಕರೆದೊಯ್ದಿದ್ದಾಗ ವಾಹನವೊಂದು ಬಡಿದು ಒಂದು ನಾಯಿ ಸತ್ತಿತು. ಅಜಾಗರೂಕ ಚಾಲನೆ, ಅಪಘಾತದ ಬಳಿಕ ಚಾಲಕನ ಕರ್ತವ್ಯಲೋಪ, ಪ್ರಾಣಿಯನ್ನು ಕೊಂದ ಹಾನಿ ಎಂಬ ಆರೋಪಗಳು ಚಾಲಕನ ಮೇಲೆ ದಾಖಲಾದವು. ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರ ಪೀಠವು ಒಂದೊಂದನ್ನೂ ಪರಿಶೀಲಿಸಿತು. ಭಾರತೀಯ ದಂಡ ಸಂಹಿತೆಯ 279ನೇ ಕಲಮು ಮನುಷ್ಯರ ಪ್ರಾಣಕ್ಕೆ ಅಪಾಯ ತರುವ ಚಾಲನೆಯನ್ನು ಕುರಿತದ್ದು. ಅಲ್ಲಿನ 'ವ್ಯಕ್ತಿ' ಎಂಬ ಪದದಲ್ಲಿ ನಾಯಿ ಸೇರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಗಾಯಗೊಂಡ 'ವ್ಯಕ್ತಿ'ಗೆ ಚಿಕಿತ್ಸೆ ಕೊಡಿಸಬೇಕೆನ್ನುತ್ತದೆ. ಅಲ್ಲಿಯೂ ನಾಯಿಗೆ ಸ್ಥಾನವಿಲ್ಲ. 428 ಮತ್ತು 429ನೇ ಕಲಮುಗಳು ಪ್ರಾಣಿವಧೆಯನ್ನೇ ಹೇಳುತ್ತವೆಯಾದರೂ ಅಲ್ಲಿ ಉದ್ದೇಶ ಸಾಬೀತಾಗಬೇಕು. ಆ ನಾಯಿಯ ಮೇಲೆ ಆ ಚಾಲಕನಿಗೆ ಯಾವ ದ್ವೇಷವಿತ್ತು? ಹೀಗೆ ಎಲ್ಲ ಬಾಗಿಲುಗಳೂ ಮುಚ್ಚಿದವು.

ತೀರ್ಪು ತಪ್ಪೆಂದು ಹೇಳಲು ಬರುವುದಿಲ್ಲ. ಕಾಯ್ದೆಯಲ್ಲಿ ಬರೆದದ್ದನ್ನೇ ನ್ಯಾಯಾಲಯ ಓದಿದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವೂ ಬೀದಿನಾಯಿಯೊಂದರ ಸಾವಿನ ಪ್ರಕರಣದಲ್ಲಿ ಇದೇ ನಿಲುವನ್ನು ತಾಳಿತು. ಸಾಕಿದವರು ನಾಯಿ ಬೆಕ್ಕುಗಳನ್ನು ಮಕ್ಕಳಂತೆ ಕಾಣುವರೆಂಬುದು ನಿಜ, ಆದರೆ ಅವು ಮನುಷ್ಯರಲ್ಲ ಎಂಬುದು ಅದರ ತಾತ್ಪರ್ಯ. ಊಟ ತಲುಪಿಸುವ ಕೆಲಸದಲ್ಲಿದ್ದ ವಿದ್ಯಾರ್ಥಿಯ ಮೇಲೆ ಬುದ್ಧಿಯನ್ನು ಬಳಸದೆ ಮೊಕದ್ದಮೆ ಹೂಡಿದ್ದಕ್ಕಾಗಿ ಆತನಿಗೆ 20,000 ರೂಪಾಯಿ ಕೊಡಬೇಕೆಂದೂ ಸರ್ಕಾರಕ್ಕೆ ಆದೇಶವಾಯಿತು.

ಈ ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಾಯ್ದೆಯಲ್ಲಿ ಒಂದು ಬಿರುಕು ಕಾಣುತ್ತದೆ. ಮನುಷ್ಯನ ವಿಷಯದಲ್ಲಿ ಅಜಾಗರೂಕತೆಯೇ ಅಪರಾಧ, ಬೇಕೆಂದು ಮಾಡಿರಬೇಕಾಗಿಲ್ಲ. ಪ್ರಾಣಿಯ ವಿಷಯದಲ್ಲಿ ಬೇಕೆಂದು ಮಾಡಿದ್ದರೆ ಮಾತ್ರ ಅಪರಾಧ. ಅಜಾಗರೂಕತೆಗೆ ಹೆಸರೇ ಇಲ್ಲ. ನಾಯಿ ರಸ್ತೆಯಲ್ಲಿ ಸಾಯುವುದು ನೂರಕ್ಕೆ ನೂರು ಎನ್ನುವಷ್ಟು ಅಜಾಗರೂಕತೆಯಿಂದಲೇ. ಹಳೆಯ ದಂಡ ಸಂಹಿತೆ ಪ್ರಾಣಿಯನ್ನು ಸೊತ್ತೆಂದು ಭಾವಿಸಿ 10 ರೂಪಾಯಿ, 50 ರೂಪಾಯಿ ಬೆಲೆಯ ಪ್ರಾಣಿ ಎಂದು ಕಲಮುಗಳನ್ನು ವಿಂಗಡಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮು ಆ ಬೆಲೆಪಟ್ಟಿಯನ್ನು ತೆಗೆದುಹಾಕಿ ಯಾವುದೇ ಪ್ರಾಣಿಯ ವಧೆಗೆ ಐದು ವರ್ಷಗಳವರೆಗಿನ ಶಿಕ್ಷೆಯನ್ನು ಹೇಳಿತು. ಇದು ಒಳ್ಳೆಯ ಹೆಜ್ಜೆ. ಆದರೆ 'ಹಾನಿ' ಎಂಬ ಅಪರಾಧದ ತಳಹದಿ ಈಗಲೂ ಉದ್ದೇಶವೇ ಆಗಿರುವುದರಿಂದ ಬಿರುಕು ಹಾಗೆಯೇ ಉಳಿದಿದೆ. ಬ್ರಿಟನ್ನಿನ 1988ರ ರಸ್ತೆ ಸಂಚಾರ ಕಾಯ್ದೆಯಾದರೋ ಕುದುರೆ, ದನ, ಕತ್ತೆ, ಕುರಿ, ಹಂದಿ, ಮೇಕೆಗಳ ಜೊತೆಗೆ ನಾಯಿಯನ್ನೂ ಹೆಸರಿಸಿ, ಇವುಗಳಿಗೆ ಪೆಟ್ಟಾದರೆ ಚಾಲಕನು ವಾಹನ ನಿಲ್ಲಿಸಲೇಬೇಕೆಂದು ವಿಧಿಸಿದೆ. (ಬೆಕ್ಕು ಆ ಪಟ್ಟಿಯಲ್ಲಿಲ್ಲ. ಎಲ್ಲ ದೇಶಗಳ ಕಾಯ್ದೆಗಳಿಗೂ ತಮ್ಮ ತಮ್ಮ ಬಿರುಕುಗಳಿರುತ್ತವೆ.)

ಈ ಬಿರುಕಿನ ಕುರಿತು ಜಿನಾಗಮ ಏನು ಹೇಳುತ್ತದೆ ಎಂಬುದನ್ನು ನೋಡುವ ಮೊದಲು ನಮ್ಮ ರಸ್ತೆಗಳತ್ತ ಒಮ್ಮೆ ದೃಷ್ಟಿ ಹಾಯಿಸಬೇಕು.

ಕನಕಪುರ, ಮಳವಳ್ಳಿಗಳ ಕಡೆಯಿಂದ ಬರುವ 948ನೇ ರಾಷ್ಟ್ರೀಯ ಹೆದ್ದಾರಿ ಕೊಳ್ಳೇಗಾಲವನ್ನು ಹಾದು ಯಳಂದೂರಿನ ಮಾರ್ಗವಾಗಿ ಚಾಮರಾಜನಗರಕ್ಕೂ ಅಲ್ಲಿಂದ ತಮಿಳುನಾಡಿಗೂ ಹೋಗುತ್ತದೆ. ಕೊಳ್ಳೇಗಾಲದಿಂದ ಕವಲೊಡೆದ ಇನ್ನೊಂದು ರಸ್ತೆ ಹನೂರಿನ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುತ್ತದೆ. ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಲ್ಲಿ ಈ ರಸ್ತೆಯ ಒಂದು ಅಂಚಿನಲ್ಲಿ ಪಾದಯಾತ್ರಿಗಳ ಸಾಲು, ನಡುವೆ ಬಸ್ಸು ಕಾರು ಟೆಂಪೊಗಳ ಸಾಲು. ಪಾದಯಾತ್ರಿಗಳು ಎಸೆದ ಅನ್ನದ ಎಲೆಗಳಿಗಾಗಿ ಊರ ನಾಯಿಗಳು ರಸ್ತೆಯ ಈ ಬದಿಯಿಂದ ಆ ಬದಿಗೆ ಓಡಾಡುತ್ತವೆ. ಸುಗ್ಗಿ ಬಂದಾಗ ಹುರುಳಿ, ರಾಗಿಗಳನ್ನು ಡಾಂಬರಿನ ಮೇಲೆಯೇ ಹರಡಿ ವಾಹನಗಳ ಚಕ್ರದಿಂದ ಒಕ್ಕಣೆ ಮಾಡಿಸುವ ರೂಢಿ ಈ ಸೀಮೆಯಲ್ಲಿದೆ. ಆ ಸೊಪ್ಪಿನ ಬೆಚ್ಚನೆಯ ರಾಶಿಯ ಮಗ್ಗುಲಲ್ಲಿ ಕಾವಲಿಗೆಂದು ತಂದ ನಾಯಿ ಮಲಗಿರುತ್ತದೆ. ಚಕ್ರ ಅದನ್ನೂ ರಾಶಿಯೆಂದೇ ಭಾವಿಸುತ್ತದೆ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ದಾರಿಯಂತೂ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಾಗುತ್ತದೆ. ಕಾಡಂಚಿನ ಹಾಡಿ ಹಳ್ಳಿಗಳ ನಾಯಿಗೆ ಅತ್ತ ಚಿರತೆ, ಇತ್ತ ವಾಹನ.

ಇದೇ ಚಾಮರಾಜನಗರ ಜಿಲ್ಲೆಯ ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು ನಿಷೇಧಿಸಲಾಗಿದೆ. ಕಾಡಿನ ಮೃಗಕ್ಕಾಗಿ ಒಂದು ರಾಷ್ಟ್ರೀಯ ಹೆದ್ದಾರಿಯೇ ರಾತ್ರಿಯಿಡೀ ನಿಲ್ಲುತ್ತದೆ. ಮನುಷ್ಯನಿಗೆ ದಂಡ ಸಂಹಿತೆಯ ರಕ್ಷೆ, ವನ್ಯಮೃಗಕ್ಕೆ ಅರಣ್ಯ ಕಾಯ್ದೆಗಳ ರಕ್ಷೆ. ನಡುವೆ, ಮನುಷ್ಯನನ್ನು ನಂಬಿ ಕಾಡನ್ನು ಬಿಟ್ಟುಬಂದ ಪ್ರಾಣಿಗೆ ಅದನ್ನು ಸಾಕಿದವನ ಹೊರತು ಬೇರೆ ರಕ್ಷೆ ಇಲ್ಲ.

ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯನ್ನು ಈ ಅಂಕಣದ ಓದುಗರಲ್ಲಿ ಅನೇಕರು ದರ್ಶಿಸಿರುತ್ತೀರಿ. ಪೂಜ್ಯಪಾದ ಆಚಾರ್ಯರ ತಪೋಭೂಮಿಯೆಂದು ಪರಂಪರೆ ಅದನ್ನು ವಂದಿಸುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರಕ್ಕೆ ಪೂಜ್ಯಪಾದರು ಬರೆದ ವ್ಯಾಖ್ಯಾನವೇ ಸರ್ವಾರ್ಥಸಿದ್ಧಿ. ಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ದ್ವೇಷವನ್ನಾಗಲಿ ಉದ್ದೇಶವನ್ನಾಗಲಿ ಮುಂದಿಡಲಿಲ್ಲ. ಪ್ರಮಾದದ ಯೋಗದಿಂದ ಪ್ರಾಣಗಳಿಗೆ ಹಾನಿಯಾಗುವುದನ್ನು ಹಿಂಸೆಯೆಂದರು. ಪ್ರಮಾದವೆಂದರೆ ಎಚ್ಚರವಿಲ್ಲದಿರುವಿಕೆ, ಕಷಾಯಕ್ಕೆ ವಶವಾಗಿ, ಆಲಸ್ಯಕ್ಕೆ ವಶವಾಗಿ, ನೋಡಬೇಕಾದುದನ್ನು ನೋಡದಿರುವುದು. ನ್ಯಾಯಾಲಯದ ಕಲಮುಗಳಲ್ಲಿ ಯಾವುದು ಬಿಟ್ಟುಹೋಗಿದೆಯೋ ಅದೇ ಇಲ್ಲಿ ಮೊದಲ ಪದ.

ಪೂಜ್ಯಪಾದರು ಇದನ್ನು ಇನ್ನೂ ಬಿಡಿಸಿ ತೋರುತ್ತಾರೆ. ಈರ್ಯಾಸಮಿತಿಯಿಂದ, ಅಂದರೆ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುವ ಮುನಿಯ ಕಾಲಡಿಗೆ ಅಕಸ್ಮಾತ್ತಾಗಿ ಕ್ಷುದ್ರಜೀವಿಯೊಂದು ಬಂದು ಸತ್ತರೆ ಆ ನಿಮಿತ್ತವಾಗಿ ಆತನಿಗೆ ಬಂಧವಿಲ್ಲ. ಎಚ್ಚರವಿಲ್ಲದೆ ನಡೆದವನ ಕಾಲಡಿಗೆ ಯಾವ ಜೀವಿಯೂ ಸಿಕ್ಕದಿದ್ದರೂ ಹಿಂಸೆ ನಿಶ್ಚಿತ. ಕುಂದಕುಂದಾಚಾರ್ಯರ ಪ್ರವಚನಸಾರದಲ್ಲಿಯೂ ಇದೇ ಭಾವವಿದೆ. ಈ ಅಳತೆಗೋಲನ್ನು ಇಂದಿನ ರಸ್ತೆಗೆ ಹಿಡಿದರೆ ಲೆಕ್ಕ ಬಹಳ ಬದಲಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ದೂರ ಹೋಗುತ್ತದೆ. ಕಣ್ಣು ಕಂಡು ಕಾಲು ಬ್ರೇಕನ್ನು ಒತ್ತುವುದರೊಳಗೆ ಅಷ್ಟು ದೂರ ಕ್ರಮಿಸಿ ಆಗಿರುತ್ತದೆ. ನಾಲ್ಕು ಮೊಳದ ನಡಿಗೆಗೆ ನಾಲ್ಕು ಮೊಳದ ನೋಟ ಸಾಕು. ಈ ವೇಗಕ್ಕೆ ನೋಟವೂ ಅಷ್ಟೇ ಉದ್ದವಾಗಬೇಕು. ಮೊಬೈಲಿನತ್ತ ಒಂದು ಕ್ಷಣ ಕಣ್ಣು ಹೊರಳಿಸಿ ಯಾರಿಗೂ ಏನೂ ಆಗದೆ ಮನೆ ಸೇರಿದ ಚಾಲಕನನ್ನು ಪೊಲೀಸರು ಹಿಡಿಯಲಾರರು. ಪೂಜ್ಯಪಾದರ ಲೆಕ್ಕದಲ್ಲಿ ಅವನು ಪಾರಾಗಿಲ್ಲ. ನಿಧಾನವಾಗಿ, ಎಚ್ಚರದಿಂದ ಹೋಗುತ್ತಿದ್ದವನ ಚಕ್ರದಡಿಗೆ ಗೇಟು ಹಾರಿ ಬಂದ ನಾಯಿ ಸಿಕ್ಕಿದರೆ ಅವನನ್ನು ಹಿಡಿದು ಹೊಡೆಯಲು ನೆರೆಯುವ ಗುಂಪಿಗೂ ಪೂಜ್ಯಪಾದರ ಮಾತು ಉತ್ತರ ಹೇಳುತ್ತದೆ.

ಆಗ ಪ್ರಶ್ನೆ ಮನೆಯ ಕಡೆಗೆ ತಿರುಗುತ್ತದೆ. ಗೇಟು ತೆರೆದಿಟ್ಟವರು ಯಾರು?

ಸಾಕುನಾಯಿಯ ಸಾವಿನ ಸುದ್ದಿಗಳಲ್ಲಿ ಚಾಲಕನ ಕ್ರೌರ್ಯ ಎದ್ದು ಕಾಣುತ್ತದೆ, ಒಡೆಯನ ದುಃಖ ಎದ್ದು ಕಾಣುತ್ತದೆ. ಒಡೆಯನ ಹೊಣೆ ಕಾಣುವುದೇ ಇಲ್ಲ. ನಮ್ಮ ಕಡೆ ನಾಯಿ ಸಾಕುವ ಬಗೆ ಎರಡು. ಒಂದು, ಬೆಳಿಗ್ಗೆ ಬಿಟ್ಟುಬಿಡುವುದು, ಊಟದ ಹೊತ್ತಿಗೆ ಕರೆಯುವುದು. ಅದು ಯಾರ ಮನೆಯ ಮುಂದೆ ಮಲಗಿತು, ಯಾರ ಬೈಕಿನ ಹಿಂದೆ ಓಡಿತು ಎಂಬುದನ್ನು ಯಾರೂ ಕೇಳುವುದಿಲ್ಲ. ಇನ್ನೊಂದು, ಸಾಲ ಮಾಡಿಯಾದರೂ ಜಾತಿನಾಯಿಯ ಮರಿಯನ್ನು ತಂದು, ಅದು ಬೆಳೆದು ಭಾರವಾದ ಮೇಲೆ ಹಿತ್ತಿಲ ಕಂಬಕ್ಕೆ ಸರಪಳಿ ಹಾಕಿ ಹಗಲಿರುಳು ಕಟ್ಟಿಹಾಕುವುದು. ಒಂದು ದಿನ ಸರಪಳಿ ಕಳಚಿದರೆ ಅದು ಹುಚ್ಚೆದ್ದು ಓಡುವುದು ನೇರವಾಗಿ ರಸ್ತೆಗೆ. ಕಟ್ಟಿದ್ದರಿಂದಲೇ ಅದು ರಸ್ತೆಯನ್ನು ಅರಿಯದು.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಶ್ರಾವಕರು ಬಾಯಿಪಾಠವಾಗಿ ಬಲ್ಲರು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಹೊರಲಾಗದ ಭಾರ ಹೊರಿಸುವುದು, ಅನ್ನನೀರು ತಪ್ಪಿಸುವುದು. ಈ ಐದನ್ನೂ ಒಮ್ಮೆ ನಿಧಾನವಾಗಿ ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಇವು ಬೇಟೆಗಾರನ ಅಥವಾ ಕಟುಕನ ದೋಷಗಳಲ್ಲ. ಪ್ರಾಣಿಯನ್ನು ಮನೆಯಲ್ಲಿ ಇಟ್ಟುಕೊಂಡ ಗೃಹಸ್ಥನ ದೋಷಗಳು. ಆಚಾರ್ಯರು ಅಣುವ್ರತಿಯ ಅಹಿಂಸೆಯನ್ನು ಪರೀಕ್ಷಿಸಲು ಆರಿಸಿದ ಜಾಗ ಅವನ ಕೊಟ್ಟಿಗೆ. ಇಷ್ಟವಾದೆಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ಪೂಜ್ಯಪಾದರ ವಿವರಣೆ.

ಹಾಗಾದರೆ ನಾಯಿಯನ್ನು ಕಟ್ಟಲೇಬಾರದೇ? ಈ ಸಂದೇಹಕ್ಕೆ ಶ್ವೇತಾಂಬರ ಪರಂಪರೆಯ ವ್ಯಾಖ್ಯಾನಕಾರರು ಬಹಳ ವ್ಯಾವಹಾರಿಕವಾದ ಸಮಾಧಾನ ಕೊಟ್ಟಿದ್ದಾರೆ. ಕಟ್ಟುವುದರಲ್ಲಿ ಸಾಪೇಕ್ಷ, ನಿರಪೇಕ್ಷ ಎಂಬ ಎರಡು ಬಗೆ. ಪ್ರಾಣಿಯ ಹಿತವನ್ನು ಗಮನದಲ್ಲಿಟ್ಟು, ಸಡಿಲವಾಗಿ, ಬೆಂಕಿ ಬಿದ್ದಾಗ ತಟ್ಟನೆ ಬಿಡಿಸಲು ಬರುವಂತೆ ಕಟ್ಟುವುದು ಸಾಪೇಕ್ಷ. ಅದರ ಸುಖದುಃಖದ ಪರಿವೆಯಿಲ್ಲದೆ ಬಿಗಿದು ಕಟ್ಟುವುದು ನಿರಪೇಕ್ಷ. ಅತಿಚಾರ ಎರಡನೆಯದರಲ್ಲಿ. ಆ ಕಾಲದಲ್ಲಿ ಪ್ರಾಣಿಗೆ ಎದುರಾಗುತ್ತಿದ್ದ ದೊಡ್ಡ ಅಪಾಯ ಕೊಟ್ಟಿಗೆಯ ಬೆಂಕಿ, ಬಿಚ್ಚುವುದೇ ರಕ್ಷಣೆಯಾಗಿತ್ತು. ಇಂದಿನ ದೊಡ್ಡ ಅಪಾಯ ಗೇಟಿನಿಂದ ಹತ್ತು ಹೆಜ್ಜೆಯಾಚೆಗಿನ ಡಾಂಬರು ರಸ್ತೆ. ಕೈಯಲ್ಲಿ ಹಿಡಿದ ಹಗ್ಗವೇ ರಕ್ಷಣೆ. ನಾಯಿಯೊಡನೆ ತಾನೂ ನಡೆಯುತ್ತ ಹಿಡಿದುಕೊಂಡ ಹಗ್ಗವನ್ನು ಬಂಧವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಂಬಕ್ಕೆ ಬಿಗಿದ ಸರಪಳಿ ಮಾತ್ರ ನಿಸ್ಸಂಶಯವಾಗಿ ಬಂಧ. ಬೀದಿಗೆ ಬಿಟ್ಟುಬಿಡುವುದನ್ನು ಸ್ವಾತಂತ್ರ್ಯವೆಂದು ಕರೆದುಕೊಳ್ಳುವವರು ತಮ್ಮ ಆಲಸ್ಯಕ್ಕೆ ಚಂದದ ಹೆಸರಿಟ್ಟಿದ್ದಾರೆ, ಅಷ್ಟೆ.

ದೇಶದ ಕಾಯ್ದೆ ಈ ಒಂದು ವಿಷಯದಲ್ಲಿ ಆಗಮಕ್ಕೆ ಹತ್ತಿರ ಬರುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 3ನೇ ಕಲಮು, ಪ್ರಾಣಿಯ ಪಾಲನೆ ಯಾರ ಕೈಯಲ್ಲಿದೆಯೋ ಅವರು ಅದರ ಕ್ಷೇಮಕ್ಕೆ, ಅದಕ್ಕೆ ಅನಗತ್ಯವಾದ ನೋವು ಬಾರದಂತೆ, ಯೋಗ್ಯವಾದ ಎಲ್ಲ ಕ್ರಮಗಳನ್ನು ಕೈಗೊಳ್ಳಬೇಕೆಂದು ಕರ್ತವ್ಯವನ್ನು ವಿಧಿಸುತ್ತದೆ. 11ನೇ ಕಲಮು ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದನ್ನೂ, ಅನ್ನ ನೀರು ನೆರಳು ಕೊಡದಿರುವುದನ್ನೂ ಅಪರಾಧವೆನ್ನುತ್ತದೆ. ಐದು ಅತಿಚಾರಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ರೂಪದಲ್ಲಿ ಈ ಕಲಮಿನಲ್ಲಿವೆ. ಮೊದಲ ಅಪರಾಧಕ್ಕೆ ದಂಡವೆಷ್ಟೆಂದರೆ 10ರಿಂದ 50 ರೂಪಾಯಿ. ಇಂದು ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಆ ಹಣಕ್ಕೆ ಒಂದು ಹೊತ್ತಿನ ಊಟ ಬರುವುದೂ ಕಷ್ಟ.

ಇಲ್ಲಿ ಒಂದು ಇರುಸುಮುರುಸಿನ ಮಾತನ್ನೂ ಹೇಳದೆ ಮುಂದೆ ಹೋಗಲಾಗದು. ನಮ್ಮ ಶಾಸ್ತ್ರಗಳು ನಾಯಿ ಸಾಕುವುದನ್ನು ಹೊಗಳಿಲ್ಲ. ಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು ಆಯುಧ ವ್ಯಾಪಾರದ ಜೊತೆಗೆ ಅನರ್ಥದಂಡದಲ್ಲಿ ಎಣಿಸುತ್ತದೆ. ಬಾಹ್ಯ ಪರಿಗ್ರಹದ ಪಟ್ಟಿಯಲ್ಲಿ ಹೊಲ ಮನೆ ಧನ ಧಾನ್ಯಗಳ ಸಾಲಿನಲ್ಲಿಯೇ ಚತುಷ್ಪದವೂ ಇದೆ. ಪರಿಗ್ರಹ ಪರಿಮಾಣ ವ್ರತವನ್ನು ಕೈಗೊಂಡವನು ತನಗೆ ಎಷ್ಟು ದನ ಬೇಕೆಂಬುದಕ್ಕೂ ಮಿತಿ ಹಾಕಿಕೊಳ್ಳಬೇಕು. ಮಗುವಿನ ಹುಟ್ಟುಹಬ್ಬದ ಉಡುಗೊರೆಯಾಗಿ ಮರಿಯನ್ನು ತರುವ ಮನೆಗಳು ಈ ಮಾತನ್ನು ಗಂಭೀರವಾಗಿ ಯೋಚಿಸಬೇಕು. ಹನ್ನೆರಡು ಹದಿಮೂರು ವರ್ಷ ಬದುಕುವ, ಪ್ರತಿದಿನ ಎರಡು ಹೊತ್ತು ಒಬ್ಬರ ಸಮಯವನ್ನು ಬೇಡುವ ಜೀವ ಅದು. ಆ ಸಮಯ ಮನೆಯಲ್ಲಿ ಯಾರ ಬಳಿಯೂ ಇಲ್ಲವಾದರೆ ತರದಿರುವುದೇ ಅಹಿಂಸೆ. ತಂದಾದ ಮೇಲೆ ಮಾತ್ರ 'ಶಾಸ್ತ್ರ ಒಪ್ಪುವುದಿಲ್ಲ' ಎಂದು ಅದನ್ನು ಊರಾಚೆ ಬಿಟ್ಟುಬರಲು ಯಾವ ಶಾಸ್ತ್ರದ ಆಧಾರವೂ ಇಲ್ಲ. ಅದಕ್ಕೆ ಕಾಯ್ದೆಯಲ್ಲಿಯೂ ಶಿಕ್ಷೆ ಇದೆ.

ರಸ್ತೆಯ ಪ್ರಾಣಿಗಳ ಪ್ರಶ್ನೆ 2025ರಲ್ಲಿ ಸರ್ವೋಚ್ಚ ನ್ಯಾಯಾಲಯವನ್ನೇ ಹಲವು ತಿಂಗಳು ಹಿಡಿದಿಟ್ಟಿತು. ಆಗಸ್ಟ್ 11ರಂದು ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಸಾಗಿಸಬೇಕೆಂಬ ಆದೇಶವಾಯಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಸಡಿಲಿಸಿ, ಸಂತಾನಹರಣ ಮತ್ತು ಲಸಿಕೆಯ ಬಳಿಕ, ರೇಬಿಸ್ ತಗುಲಿದ ಹಾಗೂ ಮೇಲೆರಗುವ ನಾಯಿಗಳ ಹೊರತು ಉಳಿದವನ್ನು ಇದ್ದಲ್ಲಿಗೇ ಬಿಡಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನೂ, ಹೆದ್ದಾರಿಗಳಿಂದ ದನಕರು ಮೊದಲಾದ ಪ್ರಾಣಿಗಳನ್ನೂ ತೆರವುಗೊಳಿಸಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ನಾಯಿಪ್ರಿಯರೂ ನಾಯಿಭೀತರೂ ಪರಸ್ಪರ ಬೈದುಕೊಂಡರು. ಆ ಗದ್ದಲದಲ್ಲಿ, ಬೀದಿನಾಯಿಗಳೆಂದು ನಾವು ಕರೆಯುವವುಗಳಲ್ಲಿ ಎಷ್ಟೋ ನಾಯಿಗಳ ಹಿಂದೆ ಒಂದು ಕಾಲಕ್ಕೆ ಒಬ್ಬ ಒಡೆಯನಿದ್ದನೆಂಬ ಮಾತು ಕೇಳಿಸಲಿಲ್ಲ. ಕೊಳ್ಳೇಗಾಲದ ನಗರಸಭೆಯಾಗಲಿ ಹನೂರು, ಯಳಂದೂರಿನ ಪಟ್ಟಣ ಪಂಚಾಯಿತಿಗಳಾಗಲಿ ಎಷ್ಟೇ ನಾಯಿಗಳನ್ನು ಹಿಡಿಯಲಿ, ಮನೆಗಳಿಂದ ಬೇಡದ ಮರಿಗಳು ಬೀದಿಗೆ ಬರುತ್ತಲೇ ಇದ್ದರೆ ಆ ಕೆಲಸ ಮುಗಿಯುವುದಿಲ್ಲ.

ಪ್ರಾಣಿಯನ್ನು ಕಳೆದುಕೊಂಡ ಒಡೆಯನ ಮನಸ್ಸು ಎಲ್ಲಿಗೆ ಹೋಗಬಲ್ಲದು ಎಂಬುದಕ್ಕೆ ನಮ್ಮ ಹನೂರು ತಾಲ್ಲೂಕೇ 2025ರ ಜೂನ್‌ನಲ್ಲಿ ಘೋರವಾದ ನಿದರ್ಶನ ಕೊಟ್ಟಿತು. ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಕಾಡಂಚಿನಲ್ಲಿ ದನ ಮೇಯಿಸಿ ಬದುಕುವವರಿಗೆ ಒಂದು ಹಸುವಿನ ನಷ್ಟವೆಂದರೆ ಏನೆಂಬುದನ್ನು ಊರೊಳಗಿರುವ ನಾವು ಹಗುರವಾಗಿ ಆಡಬಾರದು. ಆದರೂ ಮನಸ್ಸಿನ ಚಲನೆಯನ್ನು ಗಮನಿಸಬೇಕು. ಇಷ್ಟವಾದುದು ಅಗಲಿದಾಗ ಹುಟ್ಟುವ ಕೊರಗನ್ನು ಆಗಮವು ಇಷ್ಟವಿಯೋಗದ ಆರ್ತಧ್ಯಾನವೆನ್ನುತ್ತದೆ. ಅದು ಅಲ್ಲಿಗೇ ನಿಲ್ಲದೆ ಹಿಂಸೆಯನ್ನೇ ಚಿಂತಿಸುತ್ತ ಅದರಲ್ಲಿ ಸುಖ ಕಾಣತೊಡಗಿದರೆ ರೌದ್ರಧ್ಯಾನ. ಮೊದಲನೆಯದರಿಂದ ಎರಡನೆಯದಕ್ಕೆ ದೂರ ಬಹಳವಿಲ್ಲ. ನಾಯಿಗೆ ಬಡಿದ ಚಾಲಕನನ್ನು ಎಳೆದು ಥಳಿಸುವ ಕೈಗಳೂ ಅದೇ ದಾರಿಯಲ್ಲಿವೆ.

ಇನ್ನು, ಪೆಟ್ಟಾದ ಆ ಗಳಿಗೆಯ ಕುರಿತು. ಡಿಕ್ಕಿ ಹೊಡೆದ ನಾಯಿ ಎದ್ದು ಓಡಿತೆಂದರೆ ಅದಕ್ಕೇನೂ ಆಗಿಲ್ಲವೆಂದು ಅರ್ಥವಲ್ಲ. ಒಳಗೆ ರಕ್ತಸ್ರಾವವಾಗಿರಬಹುದು, ಗಾಬರಿಯಿಂದ ಎಲ್ಲಾದರೂ ಪೊದೆಯಲ್ಲಿ ಅಡಗಿ ಅಲ್ಲೇ ಸಾಯಬಹುದು. ಹುಡುಕಬೇಕು. ನೋವಿನಲ್ಲಿರುವ ನಾಯಿ ತನ್ನ ಒಡೆಯನನ್ನೂ ಕಚ್ಚುತ್ತದೆ. ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ಮೆತ್ತನೆಯ ಬಟ್ಟೆಯಿಂದ ಮೂತಿಯನ್ನು ಹಗುರವಾಗಿ ಕಟ್ಟಿ, ಹಲಗೆಯ ಮೇಲೋ ಬಿಗಿಯಾಗಿ ಹಿಡಿದ ಕಂಬಳಿಯ ಮೇಲೋ ಬೆನ್ನು ಬಾಗದಂತೆ ಮಲಗಿಸಿ ಪಶು ಆಸ್ಪತ್ರೆಗೆ ಒಯ್ಯಬೇಕು. ಬಾಯಿಗೆ ಹಾಲು ನೀರು ಸುರಿಯಬಾರದು. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಇಷ್ಟೂ ಮಾಡಲು ಯಾವ ಕಾಯ್ದೆಯೂ ಚಾಲಕನನ್ನು ಬಲವಂತಪಡಿಸದಿರಬಹುದು, ಅಣುವ್ರತ ಬಲವಂತಪಡಿಸುತ್ತದೆ.

ಬೆನ್ನುಮೂಳೆ ಮುರಿದ ನಾಯಿಗೆ ಚುಚ್ಚುಮದ್ದು ಕೊಟ್ಟು ಸಾಯಿಸುವುದೇ ದಯೆಯೆಂದು ವೈದ್ಯರು ಸೂಚಿಸುವ ಸಂದರ್ಭಗಳುಂಟು. ಶ್ರಾವಕನಿಗೆ ಇದು ಕಠಿಣ ಪರೀಕ್ಷೆ. ದುಃಖಿಗಳನ್ನು ಕೊಂದರೆ ಅವರ ದುಃಖ ಬೇಗ ಮುಗಿಯುವುದೆಂಬ ವಾದ ಹೊಸದಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅದನ್ನು ಹೆಸರಿಸಿಯೇ ನಿರಾಕರಿಸಿದ್ದಾರೆ. ನೋವನ್ನು ಇಳಿಸುವ ಔಷಧವನ್ನು ಎಷ್ಟು ಬೇಕಾದರೂ ಕೇಳಬಹುದು, ಕೇಳಬೇಕು. ಪ್ರಾಣವನ್ನು ಕೀಳುವ ಔಷಧವನ್ನು ಕೇಳಲು ಆಗಮದ ಅನುಮತಿಯಿಲ್ಲ. ಹಾಗೆಂದು, ಬೇರೆ ನಂಬಿಕೆಯ ನೆರೆಯವರು ಕಣ್ಣೀರಿನಲ್ಲಿ ಬೇರೆ ನಿರ್ಧಾರ ತಳೆದಾಗ ಅವರಿಗೆ ಆ ಹೊತ್ತಿನಲ್ಲಿ ಉಪದೇಶ ಮಾಡಲು ಹೋಗುವುದು ದಯೆಯಲ್ಲ.

ನಾಯಿ ಬದುಕುವುದಿಲ್ಲವೆಂದು ತಿಳಿದ ಮೇಲೆ ಮಾಡಲು ಏನೂ ಉಳಿಯುವುದಿಲ್ಲವೇ? ಈ ಪ್ರಶ್ನೆಗೆ ಉತ್ತರವಾದ ಕಥೆಯನ್ನು ಕನ್ನಡದಲ್ಲಿ ಹಾಡುಗಬ್ಬವಾಗಿ ಹೇಳಿದ ಕವಿಗಳಲ್ಲೊಬ್ಬ ನಮ್ಮ ಜಿಲ್ಲೆಯವನೇ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ಬೊಮ್ಮರಸ. ಕೃತಿ ಜೀವಂಧರ ಸಾಂಗತ್ಯ. ವಾದೀಭಸಿಂಹನ ಸಂಸ್ಕೃತ ಕೃತಿಗಳಲ್ಲಿಯೂ ತಮಿಳಿನ ಜೀವಕ ಚಿಂತಾಮಣಿಯಲ್ಲಿಯೂ ಹರಿದುಬಂದ ಕಥೆಯಿದು. ವಸಂತಕಾಲದಲ್ಲಿ ಉದ್ಯಾನಕ್ಕೆ ಹೊರಟ ಜೀವಂಧರಕುಮಾರನಿಗೆ ದಾರಿಯಲ್ಲಿ ಒಂದು ನಾಯಿ ಕಾಣುತ್ತದೆ. ಹೋಮದ ಹವಿಸ್ಸನ್ನು ಮುಟ್ಟಿತೆಂದು ಅದನ್ನು ಬಡಿದುಹಾಕಿದ್ದಾರೆ. ಬದುಕಿಸಲು ಅವನು ಯತ್ನಿಸುತ್ತಾನೆ, ಆಗುವುದಿಲ್ಲ. ಆಗ ರಾಜಕುಮಾರನು ರಸ್ತೆಯ ಮಣ್ಣಿನಲ್ಲಿ ಕುಳಿತು ಸಾಯುವ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ. ಶಾಂತವಾಗಿ ಪ್ರಾಣ ಬಿಟ್ಟ ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಕಾಷ್ಠಾಂಗಾರನು ಜೀವಂಧರನನ್ನು ಕೊಲ್ಲಿಸಲು ಹೊರಟಾಗ ಬಂದು ಅವನನ್ನು ಕಾಪಾಡುತ್ತದೆ.

ಯಕ್ಷನ ಉಪಕಾರವನ್ನೇ ಎತ್ತಿ ಹೇಳುವುದು ವಾಡಿಕೆ. ನನ್ನ ದೃಷ್ಟಿ ನಿಲ್ಲುವುದು ಬೇರೆಡೆ. ಆ ನಾಯಿ ಜೀವಂಧರನದಲ್ಲ. ಅದನ್ನು ಹೊಡೆದವನೂ ಅವನಲ್ಲ. ಕಾಯ್ದೆಯ ಯಾವ ಕಲಮಿನ ಪ್ರಕಾರವೂ ಅವನಿಗೆ ಅಲ್ಲಿ ನಿಲ್ಲುವ ಹೊಣೆಯಿರಲಿಲ್ಲ. ನಾಯಿಯು ಸಂಜ್ಞಿ ಪಂಚೇಂದ್ರಿಯ ತಿರ್ಯಂಚ. ಮನುಷ್ಯನಿಗಿರುವ ಹತ್ತು ಪ್ರಾಣಗಳೂ ಅದಕ್ಕಿವೆ, ಸಮ್ಯಗ್ದರ್ಶನಕ್ಕೂ ಅದು ಅರ್ಹ. ಕಿವಿಯಲ್ಲಿ ಹೇಳಿದ್ದು ಅದಕ್ಕೆ ತಲುಪಬಲ್ಲದೆಂಬ ಅರಿವಿನಿಂದಲೇ ಅವನು ಕುಳಿತದ್ದು.

ಇದಕ್ಕೆ ಸಮೀಪದಲ್ಲೇ, ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಇನ್ನೊಂದು ನಾಯಿಯ ಸಾವು ಕಲ್ಲಿನಲ್ಲಿ ಉಳಿದಿದೆ. ಹತ್ತನೆಯ ಶತಮಾನದ ನಡುವಿನ ಶಾಸನವದು. ಗಂಗ ದೊರೆ ಬೂತುಗನ ಬಳಿ ಇದ್ದ ಕಾಳಿ ಎಂಬ ಬೇಟೆನಾಯಿಯನ್ನು ಮಣಲೇರನೆಂಬ ವೀರನು ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದ. ಹಂದಿಯ ಮೇಲೆ ಅದನ್ನು ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಒಡೆಯನು ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಿಸಿದ. ಕನ್ನಡ ನಾಡಿನಲ್ಲಿ ನಾಯಿಗೆ ಸಂದ ಅತಿ ದೊಡ್ಡ ಗೌರವವೆಂದು ಇದನ್ನು ಹೊಗಳುವುದುಂಟು. ಮಣಲೇರನ ಪ್ರೀತಿಯನ್ನು ಶಂಕಿಸಬೇಕಾಗಿಲ್ಲ. ಆದರೆ ಹಂದಿಯ ಮೇಲೆ ಆ ನಾಯಿಯನ್ನು ಬಿಟ್ಟವನೂ ಅವನೇ.

ನಾಯಿಯನ್ನು ಕಳೆದುಕೊಂಡ ಮನೆಗಳಲ್ಲಿ ಈಗ ಫೋಟೊಕ್ಕೆ ಹಾರ ಹಾಕುವುದು, ತಿಥಿ ಮಾಡುವುದು, ಅನ್ನದಾನ ಮಾಡುವುದು ಹೆಚ್ಚುತ್ತಿದೆ. ದುಃಖಕ್ಕೆ ಅದೂ ಒಂದು ದಾರಿ, ಅಣಕಿಸಬೇಕಾಗಿಲ್ಲ. ಆದರೆ ಆಗಮ ಹೇಳಿದ ದಾರಿ ಬೇರೆ. ಪ್ರಾಯಶ್ಚಿತ್ತದ ಮೊದಲ ಮೂರು ಮೆಟ್ಟಿಲುಗಳು ಆಲೋಚನಾ, ಪ್ರತಿಕ್ರಮಣ ಮತ್ತು ಇವೆರಡೂ ಕೂಡಿದ ತದುಭಯ. ಆಲೋಚನೆಯೆಂದರೆ ನಡೆದುದನ್ನು ಗುರುವಿನ ಮುಂದೆ ಏನನ್ನೂ ಮುಚ್ಚಿಡದೆ ನಿವೇದಿಸುವುದು: ಗೇಟಿನ ಚಿಲಕ ತಿಂಗಳಿನಿಂದ ಸಡಿಲವಾಗಿತ್ತು, ನೋಡಿದ್ದೆ, ಸರಿಪಡಿಸಲಿಲ್ಲ. ಬೆಳಿಗ್ಗೆ ಅದನ್ನು ಅಡ್ಡಾಡಿಸಲು ಮಗನಿಗೆ ಹೇಳಿದೆ, ಮಗ ಹೋಗಲಿಲ್ಲ, ನಾನೂ ಹೋಗಲಿಲ್ಲ. ಚಾಲಕನ ವೇಗದ ಕುರಿತು ಹೇಳುವುದು ಈ ನಿವೇದನೆಯಲ್ಲಿ ಸೇರುವುದಿಲ್ಲ. ಅದು ಅವನ ಆಲೋಚನೆಯ ವಿಷಯ. ಪ್ರತಿಕ್ರಮಣದಲ್ಲಿ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವಗಳಿಗೆ ತನ್ನಿಂದಾದ ನೋವಿಗೆ ಮಿಥ್ಯಾದುಷ್ಕೃತವನ್ನು ಹೇಳುವಾಗ ಪಂಚೇಂದ್ರಿಯದ ಆ ಒಂದು ಮಾತಿನ ಬಳಿ ಈ ಸಲ ನಾಲಿಗೆ ತಡವರಿಸುತ್ತದೆ. ತಡವರಿಸಲಿ.

ಅದಾದ ಬಳಿಕ ಮನೆಯ ಮಗು ಇನ್ನೊಂದು ಮರಿ ಬೇಕೆಂದು ಹಟ ಹಿಡಿದರೆ, ಮೊದಲು ಚಿಲಕವನ್ನು ಸರಿಪಡಿಸಿ. ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ಹಗ್ಗ ಹಿಡಿದು ನಡೆಯುವವರು ಯಾರೆಂದು ಮನೆಯವರೆಲ್ಲ ಕುಳಿತು ತೀರ್ಮಾನಿಸಿ, ಮೂರು ತಿಂಗಳ ಕಾಲ ಆ ಹೊತ್ತಿಗೆ ಆ ವ್ಯಕ್ತಿ ನಾಯಿಯಿಲ್ಲದೆಯೇ ನಡೆದು ತೋರಿಸಲಿ. ಆಮೇಲೆ ಮರಿಯ ಮಾತು.